ಮೀಟರ್ ನಿಂತಿದ್ದ ಮನೆಗಳು

ಮನೆಯಿಂದ,
ಭಾನುವಾರ, ಬೆಳಗಿನ ಕೆಲಸವೆಲ್ಲ ಮುಗಿಸಿ ಕೂತು

ನನ್ನ ಮುದ್ದು ಮಗಳೇ,

ಹೇಗಿದ್ದೀಯ ಕಂದಾ? ಏಣಿಯಿಂದ ಜಾರಿ ನೋಯಿಸಿಕೊಂಡ ಮೊಣಕಾಲಿನ ಊತ ಇಳಿಯಿತೇ? "ಏನೂ ಇಲ್ಲ ಅಮ್ಮ" ಎಂದು ನೀನು ಫೋನಿನಲ್ಲಿ ಹೇಳಿದರೆ ನಾನು ನಂಬುವವಳಲ್ಲ. ಚಿಕ್ಕವಳಿದ್ದಾಗ ಕೈ ಮುರಿದುಕೊಂಡು ಬಂದು "ಸ್ವಲ್ಪ ಬಗ್ಗಿದೆ ಅಷ್ಟೇ" ಎಂದವಳು ನೀನು. ಫೈರ್ ಸ್ಟೇಷನ್ನಿನಲ್ಲಿ ನೀನೇ ಆಫೀಸರ್ ಇರಬಹುದು, ಆದರೂ ಡಾಕ್ಟರ ಮಾತು ಕೇಳು, ಹೊತ್ತು ಹೊತ್ತಿಗೆ ಊಟ ಮಾಡು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಇಷ್ಟು ಬರೆದು ಆ ಮಾತನ್ನೇ ಇನ್ನೊಮ್ಮೆ ಓದಿಕೊಂಡೆ ನೋಡು, ನಿಜವೋ ಅಲ್ಲವೋ ಎಂದು. ನೀನು ಗಾಬರಿಯಾಗಬೇಡ, ಯಾರ ಮೈಗೂ ಒಂದು ಗಾಯವಿಲ್ಲ. ಆದರೆ ಗುರುವಾರದಿಂದ ನನ್ನ ಕೈಯಲ್ಲಿ ಒಲೆ ಹಚ್ಚಲು ಆಗುತ್ತಿಲ್ಲ. ಲೈಟರ್ ಹಿಡಿದರೆ ಬೆರಳು ಮರಗಟ್ಟಿಹೋಗುತ್ತದೆ. ನಿಮ್ಮಪ್ಪನನ್ನು ಕರೆದು ಹಚ್ಚಿಸಿಕೊಳ್ಳುತ್ತೇನೆ. "ಏನಿದು, ಮಹಾರಾಣಿ ಆಗಿಬಿಟ್ಟೆಯಲ್ಲ" ಎಂದು ನಗುತ್ತಾ ಹಚ್ಚಿಕೊಡುತ್ತಾರೆ. ಕಾರಣ ಅವರಿಗೆ ಗೊತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕರೆ ಬಂದ ಕೂಡಲೇ ಅವರು ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂತುಬಿಡುತ್ತಾರೆ. ಅದಕ್ಕೇ ಈ ಕಾಗದ.

ಗ್ಯಾಸ್ ಟ್ಯಾಂಕರ್ ಮಗುಚಿದ ಕಥೆಯನ್ನು ಅವರು ಅಂದು ಸಂಜೆಯೇ ನಿನಗೆ ಹೇಳಿದರಲ್ಲ, ಅದು ಅರ್ಧ ಕಥೆ. ಅವರಿಗೆ ಗೊತ್ತಿರುವುದೇ ಅರ್ಧ. ಉಳಿದರ್ಧ ಗೊತ್ತಿರುವುದು ನನಗೊಬ್ಬಳಿಗೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ ಮೂರು ದಿನ ಕಳೆದಿದ್ದೇನೆ.

ಕಳೆದ ಸಲ ನೀನು ರಜೆಯಲ್ಲಿ ಬಂದಾಗ ಅಪ್ಪ ಮಗಳ ನಡುವೆ ಆದ ವಾದ ನೆನಪಿದೆಯೇ? ಅಪಘಾತವಾದಾಗ ಊರಿನ ಜನರನ್ನು ಸಹಾಯಕ್ಕೆ ಸೇರಿಸಿಕೊಳ್ಳಬೇಕು, ಊರು ಗೊತ್ತಿರುವವರು ಅವರೇ ತಾನೇ ಎಂದು ಅವರು. ನೀನು ತಟ್ಟೆಯಿಂದ ತಲೆ ಎತ್ತದೆ, "ಜನ ಬೇಕು ಅಪ್ಪ, ಬೇಡ ಅನ್ನಲ್ಲ. ಆದರೆ ಎಲ್ಲ ಗೊತ್ತು ಅನ್ನೋರು ಬೇಡ, ಹೇಳಿದ್ದು ಹೇಳಿದ ಹಾಗೆ ಮಾಡೋರು ಬೇಕು" ಎಂದೆ. ನೀನು ಹೊರಟುಹೋದ ಮೇಲೆ ಆ ಮಾತು ಅವರನ್ನು ಬಹಳ ದಿನ ಕೊರೆಯಿತು. ಆಮೇಲೆ ಒಂದು ಬೆಳಿಗ್ಗೆ ಹೋಗಿ ಇಲ್ಲಿನ ಫೈರ್ ಸ್ಟೇಷನ್ನಿನ ಸ್ವಯಂಸೇವಕರ ಪಡೆಗೆ ಹೆಸರು ಕೊಟ್ಟು ಬಂದರು. ಕಿತ್ತಳೆ ಬಣ್ಣದ ಜಾಕೆಟ್ಟು ಸಿಕ್ಕ ದಿನ ಕನ್ನಡಿ ಮುಂದೆ ಎಷ್ಟು ಹೊತ್ತು ನಿಂತಿದ್ದರೆಂದರೆ, ನಮ್ಮ ಮದುವೆಯ ದಿನವೂ ಅಷ್ಟು ಹೊತ್ತು ನಿಂತಿರಲಿಕ್ಕಿಲ್ಲ. ಮೀಟರ್ ರೀಡರ್ ಕೆಲಸದಿಂದ ನಿವೃತ್ತಿಯಾದ ಮೇಲೆ ಅವರು ಬೆನ್ನು ನೆಟ್ಟಗೆ ಮಾಡಿ ನಡೆದದ್ದನ್ನು ನಾನು ಅಂದೇ ನೋಡಿದ್ದು. ಇದೆಲ್ಲ ಯಾರಿಗಾಗಿ ಅಂದುಕೊಂಡೀಯ? ಊರಿಗಾಗಿ ಅಲ್ಲ. ನೀನು ಒಂದು ಸಲ "ಪರವಾಗಿಲ್ಲ ಅಪ್ಪ" ಅನ್ನಲಿ ಎಂದು.

ಪ್ರತಿ ಭಾನುವಾರ ಪ್ರಾಕ್ಟೀಸು. ಮನೆ ಮನೆ ಖಾಲಿ ಮಾಡಿಸುವುದು ಹೇಗೆ ಎಂದು ಸ್ಟೇಷನ್ನಿನವರು ಹೇಳಿಕೊಟ್ಟಿದ್ದರು. ಬಾಗಿಲು ತಟ್ಟಬೇಕು, ಕೂಗಬೇಕು, ಕಾಯಬೇಕು, ಮತ್ತೆ ತಟ್ಟಬೇಕು, ಆಮೇಲೆ ಒಳಗೆ ಹೋಗಿ ನೋಡಬೇಕು. ನೋಡಲು ಶುರು ಮಾಡಿದಾಗ ಹಳದಿ ಚಾಕಿನಲ್ಲಿ ಒಂದು ಓರೆ ಗೆರೆ. ಒಳಗೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಅದಕ್ಕೆ ಅಡ್ಡಲಾಗಿ ಇನ್ನೊಂದು ಗೆರೆ. ಹಿಂದಿನಿಂದ ಬರುವ ಫೈರ್ ಸ್ಟೇಷನ್ನಿನವರು ಆ ಅಡ್ಡಗೆರೆಯ ಗುರುತು ಕಂಡ ಮನೆಯನ್ನು ಬಿಟ್ಟು ಮುಂದೆ ಹೋಗುತ್ತಾರೆ. ಇದನ್ನೆಲ್ಲ ನಿನಗೆ ನಾನು ಹೇಳಬೇಕೇ! ಆದರೆ ನಿಮ್ಮಪ್ಪ ಆ ಗುರುತನ್ನು ನಮ್ಮ ಮುಂಬಾಗಿಲ ಮೇಲೆ ಅಭ್ಯಾಸ ಮಾಡುತ್ತಿದ್ದರು, ನಾನು ಒದ್ದೆ ಬಟ್ಟೆ ಹಿಡಿದು ಒರೆಸುತ್ತಿದ್ದೆ. ಒಂದು ಭಾನುವಾರವಂತೂ ನನ್ನನ್ನೇ ಗಾಯಾಳು ಮಾಡಿ, ಸ್ಟ್ರೆಚರ್ ಮೇಲೆ ಕಟ್ಟಿ, ಬೀದಿಯವರೆಲ್ಲ ನೋಡುವಂತೆ ಹೊತ್ತುಕೊಂಡು ಹೋಗಿ ತಿರುವಿನಲ್ಲಿ ಕೆಡವಿದರು. ಸೊಂಟದ ನೋವು ಎಂಟು ದಿನ. ಇನ್ನು ಈ ಆಟಕ್ಕೆ ನನ್ನನ್ನು ಕರೆದರೆ ನೋಡಿ ಎಂದು ಅವತ್ತೇ ಹೇಳಿದ್ದೆ.

ಗುರುವಾರದ ಮಾತಿಗೆ ಬರುತ್ತೇನೆ. ಬುಧವಾರ ನಾನು ನಿನ್ನ ದೊಡ್ಡಮ್ಮನ ಮನೆಗೆ ಹೋಗಿದ್ದೆ, ಎರಡು ದಿನ ಇದ್ದು ಬರುತ್ತೇನೆಂದು. ಅಲ್ಲಿ ವಿಪರೀತ ನೆಗಡಿ ಹಿಡಿಯಿತು. ಅವಳ ಮೊಮ್ಮಕ್ಕಳಿಗೆ ಅಂಟಿಸುವುದೇಕೆಂದು ಗುರುವಾರ ಬೆಳಿಗ್ಗೆಯೇ ಹೊರಟುಬಂದೆ. ನಿಮ್ಮಪ್ಪ ಮನೆಯಲ್ಲಿರಲಿಲ್ಲ. ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು, ಮಾತ್ರೆ ನುಂಗಿ, ಕಿವಿಗೆ ಹತ್ತಿ ತುರುಕಿಕೊಂಡು, ಒಳಕೋಣೆಯಲ್ಲಿ ಹೊದ್ದು ಮಲಗಿಬಿಟ್ಟೆ. ನಾನು ಬಂದ ಸುದ್ದಿಯನ್ನು ಅವರಿಗೆ ಫೋನ್ ಮಾಡಿ ಹೇಳಲೂ ಇಲ್ಲ. ಹೇಳಿದರೆ ಔಷಧಿ ಅಂಗಡಿಯನ್ನೇ ಹೊತ್ತು ತರುತ್ತಾರಲ್ಲ ಎಂದು.

ನಾನು ಮಲಗಿದ್ದಾಗ ಆದದ್ದು ಇದು, ಆಮೇಲೆ ನಾಲ್ಕು ಜನರಿಂದ ಕೇಳಿ ತಿಳಿದದ್ದು. ನಮ್ಮ ಬೀದಿಯ ಮೇಲ್ತುದಿಯ ತಿರುವಿನಲ್ಲಿ ಅಡುಗೆ ಗ್ಯಾಸಿನ ಟ್ಯಾಂಕರ್ ಮಗುಚಿ, ಎಲ್ಲೋ ಬಿರುಕು ಬಿಟ್ಟು, ಗ್ಯಾಸು ಇಳಿಜಾರಿನ ಚರಂಡಿ ಹಿಡಿದು ನಮ್ಮ ಕಡೆಗೇ ಹರಿಯತೊಡಗಿತು. ಸ್ಟೇಷನ್ನಿನಲ್ಲಿದ್ದವರು ಬೆರಳೆಣಿಕೆಯ ಜನ. ಅವರೆಲ್ಲ ಟ್ಯಾಂಕರ್ ಬಳಿ ನಿಂತರೆ ಮನೆಗಳನ್ನು ಖಾಲಿ ಮಾಡಿಸುವವರು ಯಾರು? ಸ್ವಯಂಸೇವಕರಿಗೆ ಫೋನು ಹೋಯಿತು. ನಿಮ್ಮಪ್ಪ ಹೊರಗಿನಿಂದಲೇ ಓಡಿಬಂದರು. ಬಂದವರೇ ಮಾಡಿದ ಮೊದಲ ಕೆಲಸ ಏನು ಗೊತ್ತೇ? ಕರೆಂಟ್ ಆಫೀಸಿನಲ್ಲಿರುವ ತಮ್ಮ ಹಳೆಯ ಸಹೋದ್ಯೋಗಿಗೆ ಫೋನು ಹಚ್ಚಿ, "ನಮ್ಮ ಬೀದಿ ಲೈನ್ ಈ ಕ್ಷಣ ತೆಗಿ, ಒಂದು ಸ್ವಿಚ್ ಹಾಕಿದರೂ ಊರು ಉರಿದುಹೋಗುತ್ತೆ" ಎಂದು ಕೂಗಿದರಂತೆ. ಮರುಕ್ಷಣ ಇಡೀ ಬೀದಿಯ ಕರೆಂಟು ಹೋಯಿತು. ಸ್ಟೇಷನ್ ಆಫೀಸರ್ ಎಲ್ಲರೆದುರು ಅವರ ಭುಜ ತಟ್ಟಿದರು. ಆ ಫೋನು ಹೋಗದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಇಷ್ಟು ದೊಡ್ಡ ಕೆಲಸ ಮಾಡಿದವರು ನಿಮ್ಮಪ್ಪ. ಇದನ್ನು ಮರೆಯದೆ ಮುಂದಿನದನ್ನು ಓದು.

ಸೆಕೆಗೆ ನನಗೆ ಎಚ್ಚರವಾಯಿತು. ಫ್ಯಾನು ನಿಂತಿತ್ತು. ಕರೆಂಟು ಹೋಗಿದೆ, ಅದರಲ್ಲೇನು ಆಶ್ಚರ್ಯ? ಬಿಸಿನೀರು ಕುಡಿಯೋಣವೆಂದು ಎದ್ದು, ಪಾತ್ರೆ ಒಲೆಯ ಮೇಲಿಟ್ಟು ಲೈಟರ್ ಕೈಗೆ ತೆಗೆದುಕೊಂಡೆ. ಮೂಗು ಕಟ್ಟಿದವಳಿಗೆ ವಾಸನೆ ಎಲ್ಲಿಂದ ಬರಬೇಕು? ಆಗ ಕಿಟಕಿಯ ಆಚೆ ಕಿತ್ತಳೆ ಬಣ್ಣ ಸುಳಿದ ಹಾಗಾಯಿತು. ಪರದೆ ಸರಿಸಿ ನೋಡಿದರೆ ನಿಮ್ಮಪ್ಪ! ನಮ್ಮ ಬಾಗಿಲನ್ನು ತಟ್ಟಲಿಲ್ಲ, ಕೂಗಲೂ ಇಲ್ಲ. ಗೋಡೆಯ ಮೀಟರ್ ಪೆಟ್ಟಿಗೆಯತ್ತ ಬಗ್ಗಿ, ಕಣ್ಣು ಕಿರಿದು ಮಾಡಿ, ಹಿಂದೆಲ್ಲ ಮಾಡುತ್ತಿದ್ದ ಹಾಗೆಯೇ ಒಳಗಿನ ಚಕ್ರವನ್ನು ನೋಡಿದರು. ತಲೆಯಾಡಿಸಿದರು. ಬಾಗಿಲ ಮೇಲೆ ಒಂದು ಗೆರೆ ಎಳೆದು, ಉಸಿರು ಬಿಡುವಷ್ಟರಲ್ಲಿ ಅದರ ಮೇಲೆ ಇನ್ನೊಂದು ಎಳೆದು, ಪಕ್ಕದ ಮನೆಗೆ ಹೋದರು. ಅಲ್ಲಿ ಒಂದೇ ಸಲ ತಟ್ಟಿ, ಕಾಯದೆ, ಮತ್ತೆ ಮೀಟರಿನತ್ತ ಬಗ್ಗಿದರು.

ನಿನಗೆ ಗೊತ್ತಲ್ಲ ಅವರ ಹೆಮ್ಮೆ. "ಚಕ್ರ ಓಡ್ತಿದ್ರೆ ಮನೇಲಿ ಜನ, ತೆವಳ್ತಿದ್ರೆ ಬರೀ ಫ್ರಿಜ್ಜು, ನಿಂತಿದ್ರೆ ಮೇನ್ ತೆಗೆದು ಊರಿಗೆ ಹೋಗಿದಾರೆ. ಬಾಗಿಲು ತಟ್ಟೋ ಕೆಲಸವೇ ಇಲ್ಲ" ಎಂದು ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದರು. ಕೆಲಸದಲ್ಲಿದ್ದಷ್ಟು ಕಾಲ ಒಂದು ಸಲವೂ ತಪ್ಪಿದವರಲ್ಲ. ಈಗ ಚಕ್ರ ನಿಂತಿತ್ತು. ನಿಲ್ಲದೆ ಏನು ಮಾಡುತ್ತದೆ ಮಗಳೇ? ಇಡೀ ಬೀದಿಯ ಕರೆಂಟನ್ನು ತೆಗೆಸಿದವರೇ ಅವರಲ್ಲವೇ! ಫೋನು ಮಾಡಿದ ಬಾಯಿ ಅದೇ, ಮೀಟರ್ ನೋಡಿದ ಕಣ್ಣು ಅದೇ, ನಡುವೆ ಅರ್ಧ ಗಂಟೆಯೂ ಇಲ್ಲ. ಆ ಗಡಿಬಿಡಿಯಲ್ಲಿ ತಲೆ ಹೊಸ ಕೆಲಸ ಮಾಡುತ್ತಿದ್ದರೆ ಕಣ್ಣು ಹಳೆಯ ಕೆಲಸ ಮಾಡುತ್ತಿತ್ತು. ನನಗೆ ಇದನ್ನು ನಂಬಲು ಈಗಲೂ ಆಗುತ್ತಿಲ್ಲ. ನಮ್ಮ ಮನೆಯ ಮಟ್ಟಿಗಂತೂ ಅವರಿಗೆ ಸಂಶಯವೇ ಇರಲಿಲ್ಲ, ಹೆಂಡತಿ ಅಕ್ಕನ ಮನೆಯಲ್ಲಿದ್ದಾಳಲ್ಲ.

ನಾನೇಕೆ ಕೂಗಲಿಲ್ಲ ಎಂದು ಕೇಳುತ್ತೀಯ. ಕೇಳು, ನಗು ಬಂದರೆ ನಗು. ಭಾನುವಾರ ಅಲ್ಲದಿದ್ದರೂ ಇದು ಇನ್ನೊಂದು ಪ್ರಾಕ್ಟೀಸು ಎಂದುಕೊಂಡೆ. ಕಂಡರೆ ಮತ್ತೆ ಸ್ಟ್ರೆಚರ್‌ಗೆ ಕಟ್ಟುತ್ತಾರೆಂದು ಪರದೆಯ ಹಿಂದೆ ಉಸಿರು ಬಿಗಿಹಿಡಿದು ಅಡಗಿ ನಿಂತೆ. ಕಟ್ಟಿಕೊಂಡ ಗಂಡನಿಂದ, ನನ್ನನ್ನು ಉಳಿಸಲು ಬಂದವರಿಂದ! ಅವರು ದೂರ ಹೋದ ಮೇಲೆ ಒಲೆಯ ಕಡೆ ತಿರುಗಿದೆ. ಲೈಟರ್ ಕೈಯಲ್ಲೇ ಇತ್ತು. ಆದರೆ ಬಾಗಿಲ ಮೇಲಿನ ಆ ಹಳದಿ ಗುರುತು ತಲೆ ತಿನ್ನುತ್ತಿತ್ತು. ಮೊದಲು ಅದನ್ನು ಒರೆಸಿಬಿಡೋಣ, ಆಮೇಲೆ ನೀರು ಎಂದುಕೊಂಡೆ. ಎಡಗೈಯಲ್ಲಿ ಒದ್ದೆ ಬಟ್ಟೆ ಹಿಡಿದು ಹೊರಗೆ ಹೋಗಿ, ಗೊಣಗುತ್ತಾ, ಚೂರೂ ಉಳಿಯದ ಹಾಗೆ ಒರೆಸಿದೆ. ಮುಗಿಸಿ ತಿರುಗಿದರೆ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಬೀದಿಯ ಮೇಲ್ತುದಿಯಿಂದ ಮುಖವಾಡ ಹಾಕಿದ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಆಕೃತಿಯೊಂದು ನನ್ನತ್ತ ಓಡಿಬರುತ್ತಿತ್ತು. ನಿನ್ನ ವಯಸ್ಸಿನ ಹುಡುಗಿ, ನಿನ್ನ ಹಾಗೇ ಫೈರ್ ಸ್ಟೇಷನ್ನಿನವಳು. ಒಂದು ಮಾತಾಡದೆ ನನ್ನನ್ನು ಅನಾಮತ್ತಾಗಿ ಎತ್ತಿ ಹೆಗಲಿಗೆ ಹಾಕಿಕೊಂಡು ಅಡ್ಡ ಓಣಿಯಲ್ಲಿ ಓಡಿದಳು. ಸುರಕ್ಷಿತ ಜಾಗಕ್ಕೆ ಬಂದು ಇಳಿಸಿದ ಮೇಲೆ ನನ್ನ ಬಲಗೈ ನೋಡಿದಳು. ಮುಖವಾಡವನ್ನು ಸರ್ರನೆ ಕಿತ್ತು, "ಅಮ್ಮಾ, ಅದನ್ನ ಒತ್ತಬೇಡಿ. ಬೆರಳು ಮೆಲ್ಲಗೆ ಬಿಡಿ" ಎಂದಳು. ನನ್ನ ಮುಷ್ಟಿಯಲ್ಲಿ ಲೈಟರ್ ಹಾಗೇ ಇತ್ತು ಕಣೇ. ಬೆರಳುಗಳನ್ನು ಅವಳೇ ಒಂದೊಂದಾಗಿ ಬಿಡಿಸಬೇಕಾಯಿತು. ಬೀದಿ ತುಂಬ ಗ್ಯಾಸು ಹರಡಿದೆ ಎಂದು ಅವಳು ಹೇಳಿದಾಗಲೇ ನನಗೆ ಎಲ್ಲ ಅರ್ಥವಾದದ್ದು.

ಶಾಲೆಯ ಮೈದಾನದಲ್ಲಿ ಜನ ಸೇರಿದ್ದರು. ನಿಮ್ಮಪ್ಪ ನನ್ನನ್ನು ಕಂಡು, "ನೀನು ಇಲ್ಲಿ?" ಎಂದು ಬಾಯಿ ಬಿಟ್ಟರು. ಅಕ್ಕನ ಮನೆಯಿಂದ ಈಗ ತಾನೇ ನೇರವಾಗಿ ಬಂದೆ, ಪೊಲೀಸರು ಇತ್ತ ಕಳಿಸಿದರು ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಅವರ ಮುಖದಲ್ಲಿ ಅಷ್ಟು ಬೆಳಕಿತ್ತು, ಅದನ್ನು ಆರಿಸಲು ನಾಲಿಗೆ ಏಳಲಿಲ್ಲ. "ಪುಣ್ಯವಂತೆ ನೀನು, ಇವತ್ತೇ ಊರಲ್ಲಿರಲಿಲ್ಲ ನೋಡು" ಎಂದು ನನ್ನ ಕೈ ಹಿಡಿದುಕೊಂಡರು. ಸಂಜೆ ಬೇರೆ ಟ್ಯಾಂಕರಿಗೆ ಗ್ಯಾಸ್ ತುಂಬಿಸಿ ಮುಗಿಸಿದರು, ಎಲ್ಲರೂ ಮನೆಗೆ ಬಂದೆವು. ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ನುಂಗಿಕೊಂಡು ಸುಮ್ಮನಿದ್ದುಬಿಡುತ್ತಿದ್ದೆ.

ಮೂಲೆಯ ಸ್ಟೇಷನರಿ ಅಂಗಡಿಯ ಮಹಡಿಯಲ್ಲಿರುವ ಮೇಷ್ಟ್ರು ಗೊತ್ತಲ್ಲ, ನಿನಗೆ ಲೆಕ್ಕ ಹೇಳಿಕೊಟ್ಟವರು. ಈಗ ಹಾಸಿಗೆ ಹಿಡಿದಿದ್ದಾರೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವರ ಸೊಸೆ ಅಂದು ಡ್ಯೂಟಿ ಮುಗಿಸಿ ಬಂದು ನೋಡಿದರೆ, ಮುದುಕರು ನೆಲದ ಮೇಲೆ ಬಿದ್ದುಕೊಂಡಿದ್ದರು. ಬಾಯಲ್ಲಿ ಸಿಗರೇಟು. ಬೆಂಕಿಪೊಟ್ಟಣ ಕಪಾಟಿನ ಕೆಳಗೆ ಜಾರಿಹೋಗಿತ್ತು. ಅದನ್ನು ಊರುಗೋಲಿನಿಂದ ಎಳೆದುಕೊಳ್ಳಲು ಬೆಳಗಿನಿಂದ ಒದ್ದಾಡಿದ್ದರಂತೆ. "ಊರೆಲ್ಲ ಸತ್ತುಹೋಗಿತ್ತಾ, ಒಂದು ಕಡ್ಡಿ ಕೊಡೋರಿಲ್ಲ" ಎಂದು ಬೈದರಂತೆ. ಊರಿನವರು ಇದನ್ನು ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದಾರೆ. ಸೊಸೆ ನಗಲಿಲ್ಲ. ಮರುದಿನವೇ ಸ್ಟೇಷನ್ನಿಗೆ ಹೋಗಿ, ನಮ್ಮ ಮಾವ ಒಳಗಿರುವಾಗ ಖಾಲಿ ಎಂದು ಗುರುತು ಹಾಕಿದವರು ಯಾರು ಎಂದು ಕೇಳಿದಳು.

ನಮ್ಮ ಬೀದಿಗೆ ನಿಮ್ಮಪ್ಪನ ಜೊತೆ ಬಿದ್ದವನು ಕಟಿಂಗ್ ಶಾಪಿನವನು. ಅತ್ತ ಸಾಲು ಅವನದು, ಇತ್ತ ಸಾಲು ಇವರದು, ಮೂಲೆಯ ಕಟ್ಟಡವನ್ನು ಇಬ್ಬರಲ್ಲಿ ಯಾರಾದರೂ ನೋಡಬೇಕಿತ್ತು. ಕೇಳಿದಾಗ ನಿಮ್ಮಪ್ಪ ಎದೆ ತಟ್ಟಿ, "ನನ್ನ ಪಾಲಿನ ಒಂದೊಂದು ಮನೆಯನ್ನೂ ನೋಡಿದೀನಿ" ಎಂದರು. ಸುಳ್ಳಲ್ಲ, ಅವರಿಗೆ ಹಾಗೇ ಅನಿಸಿದೆ. ಕಟಿಂಗ್ ಶಾಪಿನವನು ಮಾತ್ರ, "ಆ ಗಲಾಟೆಯಲ್ಲಿ ನಾನೇ ಹಾಕಿದೆನೋ ಏನೋ, ನೆನಪಾಗ್ತಿಲ್ಲ ಸಾರ್" ಎಂದುಬಿಟ್ಟ. ಪ್ರಾಮಾಣಿಕತೆಗೆ ಸಿಕ್ಕ ಬಹುಮಾನ ಇದು: ಅವನ ಜಾಕೆಟ್ಟು ವಾಪಸು ತೆಗೆದುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಿನ್ನೆ ಶನಿವಾರ, ಅವನ ಅಂಗಡಿಯಲ್ಲಿ ಕುರ್ಚಿ ಖಾಲಿಯಿತ್ತು. ಅವನ ಹೆಂಡತಿ ನಲ್ಲಿಯ ಹತ್ತಿರ ಯಾರ ಮುಖವನ್ನೂ ನೋಡಲಿಲ್ಲ. ಅದೇ ಮನುಷ್ಯ ಅಂದು ಎರಡು ಮನೆಗಳ ಹಸುಗೂಸುಗಳನ್ನು ಎದೆಗವಚಿಕೊಂಡು ಓಡಿದ್ದು ಎಲ್ಲರಿಗೂ ಮರೆತುಹೋಗಿದೆ.

ನಾನು ನಿನ್ನೆ ಕಾಗದ ಕೊಳ್ಳುವ ನೆಪದಲ್ಲಿ ಆ ಸ್ಟೇಷನರಿ ಅಂಗಡಿಗೆ ಹೋದೆ. ಮೇಷ್ಟ್ರ ಬಾಗಿಲು ಇರುವುದು ಮೆಟ್ಟಿಲು ಹತ್ತಿದ ಮೇಲೆ. ಹಳದಿ ಗುರುತು ಇದ್ದದ್ದು ಮೇಲಲ್ಲ, ಕೆಳಗೆ, ಮೆಟ್ಟಿಲ ಬುಡದ ಮೀಟರ್ ಪೆಟ್ಟಿಗೆಯ ಪಕ್ಕದ ಗೋಡೆಯ ಮೇಲೆ. ಮೀಟರಿನ ಪಕ್ಕ ಗುರುತು ಹಾಕುವವರು ಈ ಊರಿನಲ್ಲಿ ಒಬ್ಬರೇ ಮಗಳೇ. ಅಂಗಡಿಯವಳು ಚಿಲ್ಲರೆ ಕೊಟ್ಟದ್ದನ್ನೂ ಬಿಟ್ಟು ಬಂದಿದ್ದೇನೆ.

ಮನೆಗೆ ಬಂದರೆ ನಿಮ್ಮಪ್ಪ ಕಟಿಂಗ್ ಶಾಪಿನವನ ಬಗ್ಗೆಯೇ ಮರುಗುತ್ತಿದ್ದರು. "ಪಾಪ, ಒಳ್ಳೆಯವನು. ಆದರೆ ಮೆಟ್ಟಿಲು ಹತ್ತೋಕೆ ಸೋಮಾರಿತನ ಮಾಡಬಾರದಿತ್ತು. ಮುಂದಿನ ಸಲ ನಾನೇ ಪಕ್ಕದಲ್ಲಿ ನಿಂತು ಹೇಳಿಕೊಡ್ತೀನಿ" ಎಂದರು. ಅವರಿಗೆ ಗೊತ್ತೇ ಇಲ್ಲ. ಗೊತ್ತಿಲ್ಲದ್ದರಿಂದಲೇ ಮುಂದಿನ ಸಲವೂ ಬಗ್ಗಿ ಮೀಟರ್ ನೋಡುತ್ತಾರೆ. ಅಂದು ಆ ಮನೆಯಲ್ಲಿ ಯಾರ ಕೈಯಲ್ಲಿ ಲೈಟರ್ ಇರುತ್ತದೋ?

ಮಂಗಳವಾರ ಸ್ಟೇಷನ್ನಿನಲ್ಲಿ ಮೀಟಿಂಗ್ ಇದೆ. ಸ್ವಯಂಸೇವಕರೇ ಬೇಡ, ಪಡೆಯನ್ನೇ ತೆಗೆದುಬಿಡೋಣ ಎಂಬ ಮಾತೂ ಬಂದಿದೆಯಂತೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಯೋಚನೆ ಅದು. ಇವರೆಲ್ಲ ಇರದಿದ್ದರೆ ಅಂದು ಅಷ್ಟು ಮನೆಗಳು ಖಾಲಿಯಾಗುತ್ತಿರಲಿಲ್ಲ. ನಾನು ಬಾಯಿ ಬಿಟ್ಟರೆ ಒಬ್ಬ ನಿರಪರಾಧಿ ಉಳಿಯುತ್ತಾನೆ, ನಿಮ್ಮಪ್ಪ ಮುರಿದುಹೋಗುತ್ತಾರೆ. ಬಿಡದಿದ್ದರೆ ಇವರು ನಗುತ್ತಿರುತ್ತಾರೆ, ಆ ಬಡಪಾಯಿ ತಲೆ ತಗ್ಗಿಸಿಕೊಂಡೇ ಇರುತ್ತಾನೆ. ನಾನು ಹೆಂಡತಿಯೋ ಸಾಕ್ಷಿಯೋ, ನನಗೇ ತಿಳಿಯುತ್ತಿಲ್ಲ. ನೀನು ಇದೇ ಕೆಲಸದವಳು, ಇಂಥದ್ದನ್ನು ಕಂಡಿರುತ್ತೀಯ. ಏನು ಮಾಡಲಿ ಹೇಳು. ನಾಳೆಯೇ ನಿನಗೆ ಕಾಗದ ಮುಟ್ಟುವುದಿಲ್ಲವೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ, ಯಾರನ್ನಾದರೂ ಕೇಳಬೇಕಲ್ಲ.

ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ನಿನ್ನ ಜೊತೆಯವರಿಗೆಲ್ಲ ನನ್ನ ನೆನಪುಗಳನ್ನು ತಿಳಿಸು. ಎಲ್ಲೇ ಹೋದರೂ ಹೋದ ಹಾಗೆ ತಿರುಗಿ ಬಾ, ನೂರು ಕಾಲ ಚೆನ್ನಾಗಿರು.

ನಿನ್ನ
ಅಮ್ಮ

ಮತ್ತೊಂದು ಮಾತು: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದು ಬರೆಯುತ್ತಿದ್ದೇನೆ. ಹೇಳಿಬಿಟ್ಟೆ ಮಗಳೇ. ಊಟಕ್ಕೆ ಕೂತವರು ಮತ್ತೆ "ಪಾಪ, ಆ ಕಟಿಂಗ್ ಶಾಪಿನವನು" ಎಂದು ಶುರು ಮಾಡಿದರು, ನನ್ನ ಕೈಯಲ್ಲಿ ತಡೆದುಕೊಳ್ಳಲು ಆಗಲಿಲ್ಲ. ಪರದೆ, ಮೀಟರ್, ಲೈಟರ್, ಮೆಟ್ಟಿಲ ಬುಡದ ಗುರುತು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಮೇಷ್ಟ್ರ ಬಗ್ಗೆ ಕೇಳಲಿಲ್ಲ, ಮೀಟಿಂಗ್ ಬಗ್ಗೆ ಕೇಳಲಿಲ್ಲ. "ನೀನು ಒಳಗಿದ್ದೆಯಾ?" ಎಂದರು. ಹೂಂ ಎಂದೆ. ಕಲೆಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಮತ್ತೆ, "ನೀನು ಒಳಗಿದ್ದೆಯಾ?" ಅದೊಂದೇ. ಆಮೇಲೆ ಕೈ ತೊಳೆದು, ಅಂಗಿಯನ್ನು ತಿರುಗಾಮುರುಗಾ ಹಾಕಿಕೊಂಡು ಎದ್ದರು. ಮೊದಲು ಕಟಿಂಗ್ ಶಾಪಿಗೆ, ಅಲ್ಲಿಂದ ಸ್ಟೇಷನ್ನಿಗೆ. ಮಂಗಳವಾರದವರೆಗೆ ಕಾಯುವುದಿಲ್ಲವಂತೆ. ಬಾಗಿಲವರೆಗೆ ಹೋದವರು ತಿರುಗಿ ಬಂದು ನನ್ನನ್ನು ಕೇಳಿಕೊಂಡದ್ದು ಒಂದೇ ಮಾತು: "ಮಗಳಿಗೆ ಮಾತ್ರ ಹೇಳಬೇಡ. ರಜೆಗೆ ಬಂದಾಗ ಎದುರಿಗೆ ಕೂರಿಸಿಕೊಂಡು ನಾನೇ ಹೇಳ್ತೀನಿ." ಆಗಲಿ ಎಂದಿದ್ದೇನೆ. ಹಾಗೆ ಹೇಳಿಯೂ ಈ ಕಾಗದ ಹಾಕುತ್ತಿದ್ದೇನೆ, ನೀನು ಆ ಹೊತ್ತಿಗೆ ದಿಗಿಲುಬಿದ್ದು ಏನಾದರೂ ಅಂದುಬಿಟ್ಟೀಯೆಂಬ ಭಯಕ್ಕೆ. ನಿಮ್ಮ ಇಲಾಖೆಯ ಕಡೆಯಿಂದ ಸುದ್ದಿ ಬಂದರೂ ಬಾಯಿ ಬಿಡಬೇಡ. ಅವರು ಹೇಳುವಾಗ ನಿನಗೆ ಏನೂ ಗೊತ್ತಿಲ್ಲ. ತಡವರಿಸಿದರೆ ಮಾತು ಎತ್ತಿಕೊಡಬೇಡ, ಪೂರ್ತಿ ಹೇಳಲು ಬಿಡು. ನಡುವೆ ಒಂದು ಸಲ, "ಅಮ್ಮ ಒಳಗಿದ್ರಾ?" ಎಂದು ನೀನೂ ಕೇಳಬೇಕು. ಮರೆಯಬೇಡ. ಕೇಳದಿದ್ದರೆ ನಿನಗೆ ಮೊದಲೇ ಗೊತ್ತಿತ್ತೆಂದು ಅವರಿಗೆ ತಿಳಿದುಹೋಗುತ್ತದೆ.